ಪದರಹಲಗೆಯ ವಕ್ರಗತಿ

ಕಡಿದ ಮರವು ಜೀವವನ್ನು ಕಳೆದುಕೊಂಡರೂ ನೀರಿನ ಸಖ್ಯವನ್ನು ಕಳೆದುಕೊಳ್ಳುವುದಿಲ್ಲ. ಅದರ ಕೋಶಭಿತ್ತಿಗಳು ಗಾಳಿಯ ತೇವವನ್ನು ಹೀರುತ್ತ, ಬಿಡುತ್ತ, ತದನುಗುಣವಾಗಿ ಹಿಗ್ಗುತ್ತ ಕುಗ್ಗುತ್ತ ಇರುವುವು. ಈ ವಿಕಾರವು ಎಲ್ಲ ದಿಕ್ಕುಗಳಲ್ಲಿಯೂ ಸಮನಾಗಿರದೆಂಬುದೇ ಸಕಲ ತೊಡಕಿಗೂ ಮೂಲ. ಹಸಿಮರವು ಪೂರ್ತಿ ಒಣಗುವಾಗ ನಾರಿನ ಉದ್ದಕ್ಕೆ ಕುಗ್ಗುವುದು ಸಾಮಾನ್ಯವಾಗಿ ನೂರಕ್ಕೆ 0.1ರಿಂದ 0.2ರಷ್ಟು ಮಾತ್ರ, ನಾರಿಗೆ ಅಡ್ಡಲಾಗಿ, ವಾರ್ಷಿಕ ಬಳೆಗಳ ಗುಂಟ, ತೇಗದಂತಹ ಸಾಧುಮರವೂ ನೂರಕ್ಕೆ 6ರ ಸಮೀಪ ಕುಗ್ಗುವುದು.

ಒಂದು ಪದರದ ನಾರು ಉದ್ದಕ್ಕೆ, ಮುಂದಿನದರ ನಾರು ಅಡ್ಡಕ್ಕೆ ಬರುವಂತೆ ಅಂಟಿಸಿದ ಪ್ಲೈವುಡ್ಡಿನಲ್ಲಿ, ಹಿಗ್ಗಹೊರಟ ಪದರವನ್ನು ಅದರ ನೆರೆಯದು ತಡೆಹಿಡಿಯುವುದು. ಪದರಗಳು ಎರಡೇ ಆಗಿದ್ದರೆ ಈ ಜಗ್ಗಾಟವು ತೀರದೆ, ಹೆಚ್ಚು ಹಿಗ್ಗಿದ ಪಕ್ಕವು ಉಬ್ಬಿ ಹಲಗೆ ಬಾಗುವುದು. ಪದರಗಳ ಸಂಖ್ಯೆ ಮೂರು, ಐದು, ಏಳು ಎಂದು ಬೆಸವಾಗಿದ್ದು, ನಡುಪದರದ ಇಕ್ಕೆಲಗಳೂ ಒಂದೇ ತೆರನಾಗಿದ್ದರೆ, ಎರಡು ಕಡೆಯ ಸೆಳೆತಗಳು ಒಂದನ್ನೊಂದು ಸರಿದೂಗುವುವು.

ಬಾಗು ಎಷ್ಟೆಂಬುದನ್ನು ಗಣಿಸುವ ಸೂತ್ರವು ಮರದ ಕೆಲಸದಿಂದ ಬಂದುದಲ್ಲ. 1925ರಲ್ಲಿ ಸ್ಟೀಫನ್ ಟಿಮೊಶೆಂಕೊ ಎಂಬ ವಿದ್ವಾಂಸರು ಥರ್ಮೋಸ್ಟಾಟಿನ ಎರಡು ಲೋಹಗಳ ಪಟ್ಟಿಗಾಗಿ ಅದನ್ನು ನಿರೂಪಿಸಿದರು. ಅಲ್ಲಿ ಶಾಖ ಮಾಡುವ ಕೆಲಸವನ್ನು ಇಲ್ಲಿ ತೇವ ಮಾಡುವುದು, ಅಷ್ಟೆ. ಪದರಗಳೆರಡೂ ದಪ್ಪದಲ್ಲಿಯೂ ಬಿಗುವಿನಲ್ಲಿಯೂ ಸಮನಾಗಿದ್ದರೆ, ಹಿಗ್ಗಿನ ವ್ಯತ್ಯಾಸವನ್ನು ಒಂದೂವರೆಯಿಂದ ಗುಣಿಸಿ ಒಟ್ಟು ದಪ್ಪದಿಂದ ಭಾಗಿಸಲು ವಕ್ರತೆ ದೊರೆಯುವುದು. 12 ಮಿಲಿಮೀಟರ್ ದಪ್ಪದ ಹಲಗೆಯಲ್ಲಿ ಈ ವ್ಯತ್ಯಾಸ ಸಾವಿರಕ್ಕೆ ಒಂದೇ ಒಂದು ಎಂದಿಟ್ಟುಕೊಳ್ಳಿ: ಬಾಗಿನ ತ್ರಿಜ್ಯ 8 ಮೀಟರ್. ದೊಡ್ಡದಾಯಿತಲ್ಲ ಎನಿಸಬಹುದು, ಆದರೆ 2 ಮೀಟರ್ ಎತ್ತರದ ಕದವಾದರೆ ಅದರ ನಡುಭಾಗ ಆರು ಸೆಂಟಿಮೀಟರಿಗೂ ಮಿಗಿಲಾಗಿ ಉಬ್ಬಿರುವುದು, ಚೌಕಟ್ಟಿಗೆ ಸೇರುವ ಮಾತೇ ಇಲ್ಲ.

ಲೋಹದಷ್ಟು ಸರಳವಲ್ಲ ಮರದ ನಡತೆ. ನಾರಿನ ಉದ್ದಕ್ಕಿರುವ ಬಿಗುವು ಅಡ್ಡಕ್ಕಿರುವುದಕ್ಕಿಂತ ಹಲವು ಪಟ್ಟು ಹೆಚ್ಚಾದ ಕಾರಣ ಪ್ರತಿ ಪದರದ ದಿಕ್ಕನ್ನೂ ಲೆಕ್ಕಕ್ಕೆ ಹಿಡಿಯಬೇಕು. ತೇವವೋ ಹೊರಮೈಯಿಂದ ಒಳಕ್ಕೆ ಮೆಲ್ಲಮೆಲ್ಲನೆ ಸರಿಯುವುದು. ಆದ್ದರಿಂದ ಗಣಕಯಂತ್ರದಲ್ಲಿ ದಪ್ಪವನ್ನು ತೆಳುಹೋಳುಗಳಾಗಿ ವಿಭಾಗಿಸಿ, ಒಂದೊಂದರ ತೇವವನ್ನೂ ಕಾಲಕ್ರಮದಲ್ಲಿ ಅನುಸರಿಸುವರು. ಮರಳಿ ಮರಳಿ ನೆನೆದು ಒಣಗಿದ ಮರವು ಒತ್ತಡಕ್ಕೆ ಒಗ್ಗಿಕೊಂಡು ಪೂರ್ವಸ್ಥಿತಿಗೆ ಪೂರ್ತಿ ಮರಳದಿರುವುದು ಈ ಗಣನೆಯ ಅತ್ಯಂತ ಕಷ್ಟದ ಭಾಗ.

ಬೀರುವಿನ ಬಾಗಿಲಿಗೆ ಹೊರಗೆ ಮಾತ್ರ ಮೈಕಾ ಅಂಟಿಸಿ, ಒಳಮೈ ಯಾರ ಕಣ್ಣಿಗೆ ಬೀಳುವುದೆಂದು ಖರ್ಚು ಉಳಿಸುವವರುಂಟು. ತೇವಕ್ಕೆ ಮುಚ್ಚಿದ ಮೈ ಒಂದು, ತೆರೆದ ಮೈ ಇನ್ನೊಂದು ಆದೊಡನೆ ಬೆಸಸಂಖ್ಯೆಯ ಸಮತೋಲವು ಕೆಡುವುದು; ಬಲ್ಲ ಬಡಗಿಯು ಕಾಣದ ಆ ಬದಿಗೂ ಸರಿಸುಮಾರು ಅಷ್ಟೇ ದಪ್ಪದ, ತೇವವನ್ನು ಅಷ್ಟೇ ತಡೆಯುವ ಹಾಳೆಯನ್ನು ಕೇಳಿ ಪಡೆಯುವನು.