ಎಣ್ಣೆ ಮೊದಲು ಆರುವುದೇಕೆ?
ದ್ರವಗಳ ವಿಶಿಷ್ಟೋಷ್ಣವನ್ನು ಅಳೆಯುವ ಬಗೆ

ಕುಂದಾಪುರದ ಬಳಿಯ ಗುಲ್ವಾಡಿಯಂಥ ಕರಾವಳಿಯ ಹಳ್ಳಿಯಲ್ಲಿ ಎರಡು ದ್ರವಗಳನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ: ಬಾವಿಯ ನೀರು ಮತ್ತು ತೆಂಗಿನೆಣ್ಣೆ. ಇವೆರಡನ್ನೂ ಒಂದೇ ಅಳತೆಯ ಲೋಟಗಳಲ್ಲಿ ಸಮನಾಗಿ ತುಂಬಿ, 60 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸಿ, ಮುಚ್ಚಳ ಮುಚ್ಚಿ ಜಗಲಿಯ ಮೇಲಿಟ್ಟರೆ ಯಾವುದು ಮೊದಲು ಆರುತ್ತದೆ? ಓದುಗರೇ, ಮುಂದೆ ಓದುವ ಮೊದಲು ನಿಮ್ಮ ಉತ್ತರವನ್ನು ಮನಸ್ಸಿನಲ್ಲಿಯೇ ನಿಶ್ಚಯಿಸಿಕೊಳ್ಳಿ.

ಒಗ್ಗರಣೆ ಸಿಡಿದು ಕೈ ಸುಟ್ಟುಕೊಂಡವರು 'ನೀರು' ಎಂದಾರು. ಆದರೆ ಮೊದಲು ಆರುವುದು ಎಣ್ಣೆ, ಅದೂ ಸುಮಾರು ಅರ್ಧ ಸಮಯದಲ್ಲಿ! ಬಾಣಲೆಯ ಎಣ್ಣೆ ಅಷ್ಟು ಸುಡುವುದು ಅದರ ತಾಪ 100 ಡಿಗ್ರಿಯನ್ನು ದಾಟಿ ಬಹು ಮೇಲಕ್ಕೆ ಹೋಗಿರುತ್ತದೆ ಎಂಬ ಕಾರಣಕ್ಕೆ. ತಾಪ ಬೇರೆ, ಒಡಲಲ್ಲಿರುವ ಉಷ್ಣದ ಪ್ರಮಾಣ ಬೇರೆ. ಈ ಭೇದವನ್ನು 1760ರ ಸುಮಾರಿಗೆ ಸ್ಪಷ್ಟವಾಗಿ ಕಂಡವನು ಸ್ಕಾಟ್ಲೆಂಡಿನ ಜೋಸೆಫ್ ಬ್ಲ್ಯಾಕ್. ಒಂದು ಗ್ರಾಂ ವಸ್ತುವಿನ ತಾಪವನ್ನು ಒಂದು ಡಿಗ್ರಿ ಏರಿಸಲು ಬೇಕಾಗುವ ಉಷ್ಣವೇ ಅದರ ವಿಶಿಷ್ಟೋಷ್ಣ. ನೀರಿಗೆ ಇದು 4.18 ಜೂಲ್.

ಬಿಸಿ ಮಾಡಿದ ಲೋಹದ ತುಂಡನ್ನು ದ್ರವದಲ್ಲಿ ಮುಳುಗಿಸಿ ಲೆಕ್ಕ ಹಾಕುವ ಮಿಶ್ರಣ ವಿಧಾನವನ್ನು ನೀವು ಶಾಲೆಯಲ್ಲಿ ಓದಿರಬಹುದು. ದ್ರವಗಳಿಗೆ ಅದಕ್ಕಿಂತ ಸೊಗಸಾದದ್ದು ತಣಿಯುವಿಕೆಯ ವಿಧಾನ. ಬೇಕಾದದ್ದು ಒಂದು ತಾಮ್ರದ ಪಾತ್ರೆ, ಮುಚ್ಚಳ, ಗಡಿಯಾರ, ತಕ್ಕಡಿ ಮತ್ತು ಪ್ರಯೋಗಶಾಲೆಯ ಥರ್ಮಾಮೀಟರ್. (ಜ್ವರ ನೋಡುವ ಥರ್ಮಾಮೀಟರ್ ಇಲ್ಲಿ ಬೇಡ. ಅದರ ಅಳತೆ 42 ಡಿಗ್ರಿಯ ಆಸುಪಾಸಿನಲ್ಲೇ ಮುಗಿಯುತ್ತದೆ.) ಎಣ್ಣೆಯನ್ನು ನೇರವಾಗಿ ಒಲೆಯ ಮೇಲಿಡದೆ, ಬಿಸಿನೀರಿನ ಪಾತ್ರೆಯೊಳಗೆ ಇಳಿಸಿ ಕಾಯಿಸಿ.

ಅದೇ ಪಾತ್ರೆಯಲ್ಲಿ, ಅದೇ ಮಟ್ಟಕ್ಕೆ, ಮೊದಲು ನೀರು, ಆಮೇಲೆ ಎಣ್ಣೆ. ಹೊರಮೈ ಒಂದೇ, ಸುತ್ತಲಿನ ಗಾಳಿಯೂ ಒಂದೇ ಆದ್ದರಿಂದ, 60 ಡಿಗ್ರಿಯಿಂದ 50ಕ್ಕೆ ಇಳಿಯುವಾಗ ಎರಡೂ ಒಂದೇ ವೇಗದಲ್ಲಿ ಉಷ್ಣವನ್ನು ಕಳೆದುಕೊಳ್ಳುತ್ತವೆ. ಹಾಗಾದರೆ ಹೆಚ್ಚು ಸಮಯ ತೆಗೆದುಕೊಂಡದ್ದರಲ್ಲಿ ಹೆಚ್ಚು ಉಷ್ಣ ಇತ್ತೆಂದೇ ಅರ್ಥ. ಗಡಿಯಾರವೇ ಇಲ್ಲಿ ಉಷ್ಣವನ್ನು ಅಳೆಯುತ್ತದೆ!

ಒಂದು ಉದಾಹರಣೆ ನೋಡೋಣ. ಪಾತ್ರೆಯ ತೂಕ 60 ಗ್ರಾಂ, ನೀರು 100 ಗ್ರಾಂ, ಅಷ್ಟೇ ಗಾತ್ರದ ಬಿಸಿ ಎಣ್ಣೆ 90 ಗ್ರಾಂ ಎನ್ನೋಣ. ನೀರು 20 ನಿಮಿಷ, ಎಣ್ಣೆ 9 ನಿಮಿಷ 36 ಸೆಕೆಂಡು ತೆಗೆದುಕೊಂಡಿತು, ಅಂದರೆ 0.48 ಪಾಲು. ಪಾತ್ರೆಯೂ ಜೊತೆಗೇ ತಣಿಯುತ್ತದೆ, ಅದನ್ನು ಮರೆಯುವಂತಿಲ್ಲ. ತಾಮ್ರದ ವಿಶಿಷ್ಟೋಷ್ಣ 0.39, ಪಾತ್ರೆಯ ಪಾಲು ಡಿಗ್ರಿಗೆ 23.4 ಜೂಲ್. ನೀರಿನ 418 ಸೇರಿದರೆ 441.4. ಅದರ 0.48 ಪಾಲು 211.9. ಪಾತ್ರೆಯ 23.4 ಕಳೆದು, ಉಳಿದ 188.5ನ್ನು 90ರಿಂದ ಭಾಗಿಸಿದರೆ ಸುಮಾರು 2.1. ತೆಂಗಿನೆಣ್ಣೆಯ ವಿಶಿಷ್ಟೋಷ್ಣ ನೀರಿನದರ ಅರ್ಧದಷ್ಟು.

ಲೆಕ್ಕ ಸುಲಭ, ಪ್ರಯೋಗ ಮಾತ್ರ ಮೋಸ ಮಾಡುತ್ತದೆ. ಮುಚ್ಚಳ ಮರೆತರೆ ನೀರು ಆವಿಯಾಗಿ ಬೇಗ ತಣಿಯುತ್ತದೆ, ಎಣ್ಣೆಗೆ ಸಲ್ಲದ ಹಿರಿಮೆ ಬರುತ್ತದೆ. ನೀರಿನ ಸರದಿಯನ್ನು ಗಾಳಿಯಿಲ್ಲದ ಬೆಳಿಗ್ಗೆ ಮುಗಿಸಿ, ಎಣ್ಣೆಯದನ್ನು ಊಟದ ನಂತರಕ್ಕೆ ಇಟ್ಟುಕೊಂಡರೆ ಕಡಲ ಗಾಳಿ ಬೀಸತೊಡಗಿರುತ್ತದೆ. ಎಣ್ಣೆಯ ಅಂಕಿ ಕೆಳಗಿಳಿಯುತ್ತದೆ. ಕಿಟಕಿ ಮುಚ್ಚಿ, ಫ್ಯಾನ್ ನಿಲ್ಲಿಸಿ, ಒಂದರ ಹಿಂದೆ ಒಂದನ್ನು ಮುಗಿಸಿಬಿಡುವುದು ಕ್ಷೇಮ. ತಮಾಷೆಯೆಂದರೆ, ಪ್ರಯೋಗ ಕೆಡಿಸುವ ಆ ಗಾಳಿಗೂ ನೀರಿನ ವಿಶಿಷ್ಟೋಷ್ಣವೇ ಒಂದು ಮುಖ್ಯ ಕಾರಣ. ಹಗಲಿನ ಬಿಸಿಲಿಗೆ ನೆಲ ಬೇಗ ಕಾಯುತ್ತದೆ, ಕಡಲು ಕಾಯುವುದಿಲ್ಲ. ನೆಲದ ಬಿಸಿಗಾಳಿ ಮೇಲೇರಿದ ಜಾಗಕ್ಕೆ ಕಡಲ ಕಡೆಯಿಂದ ತಂಪುಗಾಳಿ ಬರುತ್ತದೆ.

ಆ ಕಡಲ ನೀರನ್ನೇ ಒಂದು ಚೊಂಬು ತಂದು ಅಳೆಯೋಣವೆಂದು ನಿಮಗೆ ಅನ್ನಿಸಬಹುದು. ಅದರ ವಿಶಿಷ್ಟೋಷ್ಣ ಸುಮಾರು 4.0, ಆದರೆ ಅದು ಸಿಹಿನೀರಿಗಿಂತ ತುಸು ಭಾರ. ಆದ್ದರಿಂದ 20 ನಿಮಿಷದಲ್ಲಿ ವ್ಯತ್ಯಾಸ ಅರ್ಧ ನಿಮಿಷವೂ ಆಗದು. ಥರ್ಮಾಮೀಟರ್ ಓದುವಾಗ ಅರ್ಧ ಡಿಗ್ರಿ ತಪ್ಪಿದರೆ ಒಂದು ನಿಮಿಷವೇ ಹೆಚ್ಚುಕಡಿಮೆಯಾಗುತ್ತದೆ. ಮೊದಲು ಎಣ್ಣೆಯಲ್ಲಿ ಕೈ ಪಳಗಿಸಿಕೊಳ್ಳಿ.