ಕರಾರುಪತ್ರಕ್ಕೆ ರುಜು ಹಾಕುವ ಮುನ್ನ: ಕರಾರು ಮಾಡುವವರ ಅರ್ಹತೆಯೂ ಕರಾರಿನ ನ್ಯಾಯಸಮ್ಮತತೆಯೂ

ಕುಂದಾಪುರ, ಬೈಂದೂರು ಮತ್ತು ಬ್ರಹ್ಮಾವರ ತಾಲ್ಲೂಕುಗಳಲ್ಲಿ ಗದ್ದೆ, ತೋಟ, ಹಾಡಿಗಳ ಸಂಬಂಧವಾಗಿ ವರ್ಷಂಪ್ರತಿ ಅನೇಕ ಕರಾರುಗಳು ನಡೆಯುತ್ತವೆ. ಛಾಪಾಕಾಗದ, ಇಬ್ಬರು ಸಾಕ್ಷಿಗಳ ರುಜು, ನೋಂದಣಿ ಕಛೇರಿಯ ಮೊಹರು, ಇಷ್ಟಿದ್ದಲ್ಲಿ ಕರಾರು ಭದ್ರವಾಯಿತೆಂಬ ನಂಬಿಕೆ ಜನರಲ್ಲಿ ಬಲವಾಗಿದೆ. ಇದು ಅರ್ಧ ಮಾತ್ರ ಸರಿಯಾದುದು. ರುಜು ಹಾಕಿದವನಿಗೆ ಕರಾರು ಮಾಡುವ ಅರ್ಹತೆ ಇಲ್ಲದಿದ್ದರೆ, ಅಥವಾ ಒಪ್ಪಿಕೊಂಡ ಕೆಲಸವೇ ಕಾನೂನಿಗೆ ವಿರುದ್ಧವಾಗಿದ್ದರೆ, ಎಷ್ಟು ಬೆಲೆಯ ಛಾಪಾಕಾಗದವಾದರೂ ಅದನ್ನು ಉಳಿಸಲಾರದು.

1872ನೆಯ ಇಸವಿಯ ಭಾರತ ಕರಾರು ಕಾಯಿದೆಯ 10ನೆಯ ಕಲಮಿನ ಪ್ರಕಾರ, ಅರ್ಹರಾದವರು ಸ್ವಇಚ್ಛೆಯಿಂದ, ನ್ಯಾಯಸಮ್ಮತವಾದ ಪ್ರತಿಫಲಕ್ಕೂ ಉದ್ದೇಶಕ್ಕೂ ಮಾಡಿಕೊಂಡ ಒಪ್ಪಂದವೇ ಕರಾರು. ಇವುಗಳ ಪೈಕಿ ಅರ್ಹತೆ ಮತ್ತು ನ್ಯಾಯಸಮ್ಮತತೆ ಎಂಬೆರಡು ಅಂಶಗಳನ್ನು ಇಲ್ಲಿ ವಿವರಿಸಲಾಗಿದೆ.

1. ವಯಸ್ಸು

ಹದಿನೆಂಟು ವರ್ಷ ತುಂಬದವನು ಕರಾರು ಮಾಡಲು ಅರ್ಹನಲ್ಲ. ಕಲ್ಕತ್ತೆಯ ಧರ್ಮೋದಾಸ ಘೋಷನೆಂಬ ಅಪ್ರಾಪ್ತವಯಸ್ಕನು 1895ರಲ್ಲಿ 20,000 ರೂಪಾಯಿ ಸಾಲಕ್ಕೆ ತನ್ನ ಸ್ಥಿರಾಸ್ತಿಯನ್ನು ಅಡವು ಬರೆದುಕೊಟ್ಟನು. ಆತನ ವಯಸ್ಸಿನ ಸಂಗತಿ ಸಾಲ ಕೊಟ್ಟವನ ವಕೀಲನಿಗೆ ತಿಳಿದಿತ್ತು. ವ್ಯಾಜ್ಯವು ಲಂಡನ್ನಿನ ಪ್ರಿವಿ ಕೌನ್ಸಿಲಿನವರೆಗೂ ಹೋಯಿತು. ಅಪ್ರಾಪ್ತವಯಸ್ಕನ ಕರಾರು ಬುಡದಿಂದಲೇ ಅನೂರ್ಜಿತವೆಂದು 1903ರಲ್ಲಿ ತೀರ್ಪಾಯಿತು. ಸಾಲಿಗನಿಗೆ ಕೊಟ್ಟ ಹಣವೂ ಹಿಂದಕ್ಕೆ ಬರಲಿಲ್ಲ. ಅಪ್ರಾಪ್ತವಯಸ್ಕನು ಪಡೆದ ಲಾಭವನ್ನು ಸ್ವಲ್ಪಮಟ್ಟಿಗೆ ಹಿಂದಿರುಗಿಸುವಂತೆ ಆಜ್ಞಾಪಿಸುವ ಅಧಿಕಾರವನ್ನು 1963ರ ನಿರ್ದಿಷ್ಟ ಪರಿಹಾರ ಕಾಯಿದೆಯು ನ್ಯಾಯಾಲಯಕ್ಕೆ ಕೊಟ್ಟಿದೆಯಾದರೂ, ಅದನ್ನೇ ನಂಬಿ ಹಣ ಕೊಡುವುದು ವಿವೇಕವಲ್ಲ.

ತಂದೆ ತೀರಿಕೊಂಡ ಮನೆಯಲ್ಲಿ ತಾಯಿಯು ಮಕ್ಕಳ ಪರವಾಗಿ ಜಮೀನು ಮಾರುವುದುಂಟು. ಹಿಂದೂ ಅಪ್ರಾಪ್ತವಯಸ್ಕನ ಪ್ರತ್ಯೇಕ ಸ್ಥಿರಾಸ್ತಿಯನ್ನು ಮಾರಲು ಅಥವಾ ಅಡವಿಡಲು ತಂದೆತಾಯಿಗಳೇ ಆದರೂ ಮೊದಲು ನ್ಯಾಯಾಲಯದ ಅಪ್ಪಣೆ ಪಡೆಯಬೇಕೆಂದು 1956ರ ಕಾಯಿದೆಯ 8ನೆಯ ಕಲಮು ವಿಧಿಸುತ್ತದೆ. ಅಪ್ಪಣೆಯಿಲ್ಲದ ಮಾರಾಟವನ್ನು ಮಗುವು ಪ್ರಾಯಕ್ಕೆ ಬಂದ ಮೂರು ವರ್ಷದೊಳಗೆ ದಾವೆ ಹೂಡಿ ರದ್ದುಪಡಿಸಿಕೊಳ್ಳಬಹುದು. ಎಂದರೆ ಆ ಮಗುವಿಗೆ 21 ವರ್ಷ ತುಂಬುವವರೆಗೂ ಕೊಂಡವನ ಹಕ್ಕು ತೂಗಾಡುತ್ತಿರುತ್ತದೆ. ಅಷ್ಟರಲ್ಲಿ ಆತನು ಬಾವಿ ತೋಡಿ ತೆಂಗು ಅಡಕೆ ಎಬ್ಬಿಸಿದ್ದರೆ, ಆ ದುಡಿಮೆಯೂ ವ್ಯಾಜ್ಯದಲ್ಲಿ ಸಿಕ್ಕಿಬೀಳುತ್ತದೆ. ದೊಡ್ಡಪ್ಪ, ಮಾವ ಮೊದಲಾದವರು ನ್ಯಾಯಾಲಯದಿಂದ ನೇಮಕವಾಗದೆ ಕೇವಲ ಸಾಕಿದ ಮಾತ್ರಕ್ಕೆ ಮಗುವಿನ ಆಸ್ತಿಯನ್ನು ಪರಭಾರೆ ಮಾಡಲು ಅಧಿಕಾರವೇ ಇಲ್ಲ.

ಆದರೆ ಅಪ್ರಾಪ್ತವಯಸ್ಕನು ಪಡೆಯುವ ಲಾಭಕ್ಕೆ ಈ ಅಡ್ಡಿಯಿಲ್ಲ. ಪೂರ್ಣ ಹಣ ಕೊಟ್ಟು ಅವನ ಹೆಸರಿಗೆ ಬರೆಸಿಕೊಂಡ ಅಡವುಪತ್ರವು ಜಾರಿಗೆ ಯೋಗ್ಯವೆಂದು, ಈ ಸೀಮೆಯು ಮದ್ರಾಸು ಆಧಿಪತ್ಯದಲ್ಲಿದ್ದಾಗ, 1916ರಲ್ಲಿ ಮದ್ರಾಸು ಹೈಕೋರ್ಟಿನ ಪೂರ್ಣಪೀಠವು ತೀರ್ಮಾನಿಸಿತು.

2. ಬುದ್ಧಿಸ್ವಾಧೀನ

ಕರಾರು ಮಾಡುವ ಹೊತ್ತಿನಲ್ಲಿ ಅದರ ಅರ್ಥವನ್ನು ಗ್ರಹಿಸಿ, ತನ್ನ ಹಿತಾಹಿತವನ್ನು ವಿವೇಚಿಸಬಲ್ಲವನೇ ಸ್ವಸ್ಥಚಿತ್ತನು. ಬುದ್ಧಿಭ್ರಮಣೆಯುಳ್ಳವನು ನಡುನಡುವೆ ಸ್ವಸ್ಥನಾಗಿರುವ ಕಾಲದಲ್ಲಿ ಕರಾರು ಮಾಡಬಹುದು. ಜ್ವರದಿಂದ ಎಚ್ಚರ ತಪ್ಪಿದವನಾಗಲಿ, ಕುಡಿದು ಮೈಮರೆತವನಾಗಲಿ ಆ ಹೊತ್ತಿನಲ್ಲಿ ಮಾಡಲಾರನು. ಮುಪ್ಪು ಒಂದೇ ಅನರ್ಹತೆಯಲ್ಲ, ಓದಬಾರದಿರುವುದೂ ಅನರ್ಹತೆಯಲ್ಲ. ಆದರೂ ಹಾಸಿಗೆ ಹಿಡಿದ ವೃದ್ಧರ ಹೆಬ್ಬೆಟ್ಟು ಹಾಕಿಸುವಾಗ ಪತ್ರವನ್ನು ಅವರ ಆಡುಮಾತಿನಲ್ಲಿ ಓದಿ ಹೇಳಿ, ಸಂಬಂಧವಿಲ್ಲದ ಸಾಕ್ಷಿಗಳನ್ನಿರಿಸಿ, ಸಾಧ್ಯವಾದರೆ ವೈದ್ಯರ ಪ್ರಮಾಣಪತ್ರವನ್ನೂ ಪಡೆಯುವುದು ಉಭಯತರಿಗೂ ಕ್ಷೇಮ.

3. ಕುಟುಂಬದ ಆಸ್ತಿ

ಅರ್ಹತೆಗೆ ಹೊಂದಿಕೊಂಡ ಇನ್ನೊಂದು ವಿಚಾರವೆಂದರೆ ಅಧಿಕಾರ. ವಯಸ್ಸೂ ಬುದ್ಧಿಯೂ ಇದ್ದರೂ, ತನ್ನದಲ್ಲದ ಪಾಲನ್ನು ಕೊಡಲು ಯಾರಿಗೂ ಬರುವುದಿಲ್ಲ. ಅಳಿಯಸಂತಾನದ ಕುಟುಂಬಗಳಲ್ಲಿ ಆಸ್ತಿಯು ಯಜಮಾನನ ಸ್ವಂತದ್ದಲ್ಲ, ಕುಟುಂಬದ್ದು. ಒಬ್ಬ ಸದಸ್ಯನ ಇಚ್ಛೆಯಿಂದ ಅದನ್ನು ವಿಭಾಗಿಸಲು ಬಾರದೆಂದು 1863ರಲ್ಲಿ ಮದ್ರಾಸು ಹೈಕೋರ್ಟು ತೀರ್ಮಾನಿಸಿತ್ತು. 1949ರ ಮದ್ರಾಸು ಅಳಿಯಸಂತಾನ ಕಾಯಿದೆಯು ಕವರುಗಳಿಗೆ ಪಾಲು ಕೇಳುವ ಹಕ್ಕನ್ನು ಕೊಟ್ಟಿತು. 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯ ತರುವಾಯ, ಸತ್ತವನ ಅವಿಭಕ್ತ ಪಾಲು ಆ ಕಾಯಿದೆಯ ವಾರಸುದಾರರಿಗೆ ಸೇರುತ್ತದೆ. ಮಕ್ಕಳಸಂತಾನದ ಅವಿಭಕ್ತ ಮನೆಗಳಲ್ಲಿ 2005ರ ತಿದ್ದುಪಡಿಯಿಂದ ಹೆಣ್ಣುಮಕ್ಕಳಿಗೂ ಗಂಡುಮಕ್ಕಳಷ್ಟೇ ಹಕ್ಕಿದೆ. ಆದಕಾರಣ ಪಹಣಿಯಲ್ಲಿ ಒಬ್ಬನದೇ ಹೆಸರಿದೆಯೆಂದು ಆತನೊಬ್ಬನ ರುಜುವನ್ನೇ ನೆಚ್ಚಿಕೊಳ್ಳುವುದು ಅಪಾಯಕರ.

4. ನ್ಯಾಯವಿರುದ್ಧವಾದ ಉದ್ದೇಶ

ಕಾಯಿದೆಯ 23ನೆಯ ಕಲಮಿನಂತೆ, ಕಾನೂನು ನಿಷೇಧಿಸಿದ ಅಥವಾ ಕಾನೂನನ್ನು ನಿಷ್ಫಲಗೊಳಿಸುವ ಉದ್ದೇಶದ ಕರಾರು ಅನೂರ್ಜಿತ. ಈ ಸೀಮೆಯ ರೈತರಿಗೆ ಇದರ ಮುಖ್ಯ ನಿದರ್ಶನ ಗೇಣಿ. ಹಿಂದೆ ಇಲ್ಲಿ ಶಾಶ್ವತವಾದ ಮೂಲಗೇಣಿ, ವರ್ಷವರ್ಷದ ಚಾಲಗೇಣಿಗಳು ರೂಢಿಯಲ್ಲಿದ್ದು, ಗೇಣಿಯನ್ನು ಅಕ್ಕಿ ಮುಡಿಗಳಲ್ಲಿ ಅಳೆದುಕೊಡುತ್ತಿದ್ದರು. ಭೂಸುಧಾರಣಾ ಕಾಯಿದೆಯ ತಿದ್ದುಪಡಿಯಿಂದ 1974ರ ಮಾರ್ಚ್ 1ರಂದು ಗೇಣಿಯ ಜಮೀನುಗಳು ಸರಕಾರಕ್ಕೆ ಸೇರಿ, ಒಕ್ಕಲುಗಳಿಗೆ ಭೂನ್ಯಾಯಮಂಡಳಿಗಳ ಮೂಲಕ ಹಕ್ಕು ದೊರೆಯಿತು. ಸೈನಿಕರು, ನಾವಿಕರು ಮೊದಲಾಗಿ ಕಾಯಿದೆಯೇ ಹೇಳಿರುವ ಅಪವಾದಗಳ ಹೊರತು, ಅಂದಿನಿಂದ ಹೊಸ ಗೇಣಿ ನಿಷಿದ್ಧ.

ಹೀಗಿದ್ದರೂ, ಮುಂಬಯಿ ಬೆಂಗಳೂರುಗಳಲ್ಲಿ ನೆಲಸಿದವರು ಗದ್ದೆ ಹಡಿಲು ಬೀಳಬಾರದೆಂದು ನೆರೆಯವನಿಗೆ ಇಷ್ಟು ಮುಡಿಯೆಂದು ಮಾತನಾಡಿ ವಹಿಸಿಬಿಡುತ್ತಾರೆ. ಮುಡಿ ಬಾರದಿದ್ದರೆ ಆ ಕರಾರಿನ ಬಲದಿಂದ ಒಡೆಯನು ದಾವೆ ಹೂಡಲಾರನು. ಅಂಚು ಕಟ್ಟಿ ಗೊಬ್ಬರ ಹಾಕಿದ ಸಾಗುವಳಿದಾರನನ್ನು ನಡುವೆ ಎಬ್ಬಿಸಿದರೆ ಅವನಿಗೂ ಅದೇ ಕರಾರು ರಕ್ಷಣೆ ಕೊಡದು. ಎರಡು ಮನೆಗಳ ಸ್ನೇಹವೂ ಅಲ್ಲಿಗೇ ಮುರಿಯುತ್ತದೆ. ಕಾಯಿದೆಗೆ ಒಪ್ಪುವ ಮಾರ್ಗವೆಂದರೆ ಸ್ವಂತ ಸಾಗುವಳಿ: ಒಡೆಯನಾಗಲಿ ಅವನ ಮನೆಯವರಾಗಲಿ ಖುದ್ದು ಮೇಲ್ವಿಚಾರಣೆ ಮಾಡಿ, ಆಳುಗಳಿಗೆ ಹಣದಲ್ಲೋ ಧಾನ್ಯದಲ್ಲೋ ಗೊತ್ತಾದ ಕೂಲಿ ಕೊಟ್ಟು ಬೆಳೆಸುವುದು. ಬೆಳೆಯಲ್ಲಿ ಪಾಲು ಕೊಟ್ಟರೆ ಅದು ಕೂಲಿಯೆನಿಸದು. ಕೂಲಿಯ ಲೆಕ್ಕವನ್ನು ಬರೆದಿಡುವುದು ಉತ್ತಮ.

ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡದವರಿಗೆ ಸರಕಾರ ಮಂಜೂರು ಮಾಡಿದ ಜಮೀನನ್ನು ಸರಕಾರದ ಪೂರ್ವಾನುಮತಿಯಿಲ್ಲದೆ ಕೊಳ್ಳುವುದು 1978ರ ಕಾಯಿದೆಯಂತೆ ಅನೂರ್ಜಿತ. ಜಮೀನು ಮೂಲ ಮಂಜೂರುದಾರನಿಗೆ ಅಥವಾ ಅವನ ವಾರಸುದಾರರಿಗೆ ಮರಳುತ್ತದೆ. ಮುಂಗಡಕ್ಕಾಗಿ ಆಳನ್ನು ಕೂಲಿಯಿಲ್ಲದೆ ದುಡಿಸುವ, ಬೇರೆಡೆ ಹೋಗದಂತೆ ಕಟ್ಟುವ ಕರಾರನ್ನು 1976ರ ಜೀತಪದ್ಧತಿ ರದ್ಧತಿ ಕಾಯಿದೆಯು ಅಳಿಸಿಹಾಕಿದೆ. ಕೋಳಿ ಅಂಕದಲ್ಲಿ ಕಟ್ಟಿದ ಪಂದ್ಯದ ಹಣವನ್ನು ಗೆದ್ದವನು ನ್ಯಾಯಾಲಯದ ಮೂಲಕ ವಸೂಲು ಮಾಡಲಾರನು.

5. ಕೊಟ್ಟ ಹಣದ ಗತಿ

ಕರಾರು ಅನೂರ್ಜಿತವೆಂದು ಮುಂದೆ ತಿಳಿದುಬಂದಾಗ, ಪಡೆದ ಲಾಭವನ್ನು ಹಿಂದಿರುಗಿಸಬೇಕೆಂಬುದು 65ನೆಯ ಕಲಮಿನ ನಿಯಮ. ಆದರೆ ಇದು ತಿಳಿಯದೆ ಮೋಸಹೋದವರಿಗೆ. ನಿಷಿದ್ಧವೆಂದು ಮೊದಲೇ ತಿಳಿದು ಕೈಹಾಕಿದವನಿಗೆ ನ್ಯಾಯಾಲಯದ ಸಹಾಯ ಸಾಮಾನ್ಯವಾಗಿ ದೊರೆಯದು.

6. ಮುಂಜಾಗ್ರತೆ

ಮುಂಗಡ ಕೊಡುವ ಮುನ್ನ ಈ ಕೆಳಗಿನವನ್ನು ವಿಚಾರಿಸತಕ್ಕದ್ದು:

(ಅ) ರುಜು ಹಾಕುವ ಪ್ರತಿಯೊಬ್ಬರ ವಯಸ್ಸಿಗೆ ಶಾಲೆಯ ಅಥವಾ ಜನನದ ದಾಖಲೆ;
(ಆ) ಮನೆಯ ವಂಶವೃಕ್ಷ, ಅದರಲ್ಲಿ ಹೆಣ್ಣುಮಕ್ಕಳು ಮತ್ತು ಊರು ಬಿಟ್ಟವರ ಹೆಸರುಗಳು;
(ಇ) ಅಪ್ರಾಪ್ತವಯಸ್ಕರ ಪಾಲಿದ್ದರೆ ನ್ಯಾಯಾಲಯದ ಅಪ್ಪಣೆ;
(ಈ) ಜಮೀನು ಬಂದ ಬಗೆ: ಮೂಲವೋ, ಖರೀದಿಯೋ, ಮಂಜೂರಾತಿಯೋ; ಮಂಜೂರಾತಿಯಾದರೆ ಅದರ ಷರತ್ತುಗಳು;
(ಉ) ಒಪ್ಪಿಕೊಳ್ಳುವ ಕೆಲಸಕ್ಕೆ ಕಾನೂನಿನ ತಡೆಯಿಲ್ಲವೆಂಬುದು.

ಊರಿನ ಹಿರಿಯರೂ ಗುರಿಕಾರರೂ ಸಾಕ್ಷಿಗೆಂದು ಕರೆ ಬಂದಾಗ, ರುಜು ಹಾಕುವ ಮೊದಲು ಇವನ್ನು ಕೇಳಿದಲ್ಲಿ ಹಲವು ಮನೆಗಳು ವ್ಯಾಜ್ಯದಿಂದ ಪಾರಾಗುವುವು. ಸಂದೇಹವಿದ್ದ ಕಡೆ ವಕೀಲರ ಸಲಹೆಗೆ ತಗಲುವ ವೆಚ್ಚವು, ಬೆಳೆದ ತೋಟವನ್ನು ಕಳೆದುಕೊಳ್ಳುವ ನಷ್ಟದ ಮುಂದೆ ಅತ್ಯಲ್ಪವಾದುದು.