ಗುಡ್ಡದ ಜೊತೆಗೆ ಊರನ್ನೂ ಓದುವ ಕೂಟ ಬೇಕು

ಬಳ್ಳಾರಿಯ ರಾಬರ್ಟ್ ಬ್ರೂಸ್ ಫೂಟ್ ಸಂಗನಕಲ್ಲು ಪುರಾತತ್ವ ವಸ್ತುಸಂಗ್ರಹಾಲಯದಲ್ಲಿ ಅರಸರ ಕತ್ತಿ, ಕಿರೀಟ ಹುಡುಕಬಾರದು. ಇಲ್ಲಿರುವುದು ಮೂರು ಸಾವಿರ ವರ್ಷಕ್ಕೂ ಹಿಂದೆ ಬಳ್ಳಾರಿ ಸುತ್ತಲಿನ ಬಂಡೆಗುಡ್ಡಗಳ ಮೇಲೆ ದನ ಸಾಕಿಕೊಂಡು ಬದುಕಿದವರ ಸಂಸಾರ: ಉಜ್ಜಿ ನಯ ಮಾಡಿದ ಕಲ್ಲುಕೊಡಲಿ, ಅರೆಯುವ ಕಲ್ಲು, ಮಡಕೆಚೂರು. ಜೊತೆಗೆ ಆದಿಮಾನವರ ತಲೆಬುರುಡೆಗಳ ಪ್ರತಿಕೃತಿಗಳು. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾಗಿದ್ದ ರವಿ ಕೋರಿಶೆಟ್ಟರ್ ವರ್ಷಗಟ್ಟಲೆ ದುಡಿದು ರೂಪಿಸಿದ ಈ ಸಂಗ್ರಹ, ಮಾನವಶಾಸ್ತ್ರ ಓದುವ ಮಕ್ಕಳಿಗೆ ಮನೆ ಬಾಗಿಲಲ್ಲೇ ಸಿಕ್ಕ ಪಾಠಶಾಲೆ.

ಈ ಸೀಮೆಗೂ ಅಧ್ಯಯನ ಸಂಘಗಳಿಗೂ ನಂಟು ಹಳೆಯದು. ಮುಂಬಯಿಯಲ್ಲಿ 1886ರಲ್ಲಿ ಹುಟ್ಟಿದ ಮಾನವಶಾಸ್ತ್ರ ಸಂಘದ ಪತ್ರಿಕೆಗೆ ಪೊಲೀಸ್ ಅಧಿಕಾರಿ ಫ್ರೆಡ್ ಫಾಸೆಟ್ ಬಳ್ಳಾರಿ ಕಡೆಯ ಬಸವಿಯರ, ಅಂದರೆ ದೇವರಿಗೆ ಬಿಟ್ಟ ಹೆಣ್ಣುಮಕ್ಕಳ, ಬಗ್ಗೆ ಬರೆದರು. ಬಳ್ಳಾರಿ ಹತ್ತಿರದ ಕಪ್ಪಗಲ್ಲು ಗುಡ್ಡದ ಕಲ್ಲುಚಿತ್ರಗಳ ಬಗ್ಗೆ 1892ರಲ್ಲಿ ಬರೆದವರೂ ಅವರೇ. ಬಸವಿಯರ ಕುರಿತ ಆ ಬರಹವನ್ನು ಇಂದಿನ ವಿದ್ಯಾರ್ಥಿ ಓದಲೇಬೇಕು. ಆದರೆ ಕೇಳಿದವನು ಪೊಲೀಸು, ಉತ್ತರ ಕೊಟ್ಟವರು ಯಾರು, ಆ ಹೆಂಗಸರ ಸ್ವಂತ ಮಾತು ಅದರಲ್ಲಿ ಎಷ್ಟಿದೆ ಎಂದು ಕೇಳುತ್ತ ಓದಬೇಕು.

ಗುಡ್ಡವನ್ನೂ ಊರನ್ನೂ ಒಟ್ಟಿಗೆ ಓದುವುದಕ್ಕೆ ನನ್ನ ಮಟ್ಟಿಗೆ ನಿಜವಾದ ಮಾದರಿ ಸಿರುಗುಪ್ಪ ತಾಲ್ಲೂಕಿನ ತೆಕ್ಕಲಕೋಟೆಯಲ್ಲಿದೆ. 1963-64ರಲ್ಲಿ ಪುಣೆಯ ಡೆಕ್ಕನ್ ಕಾಲೇಜಿನಿಂದ ಬಂದ ಎಂ.ಎಸ್. ನಾಗರಾಜರಾವ್ ಮತ್ತು ಕೈಲಾಶ್ ಮಲ್ಹೋತ್ರ ಇಲ್ಲಿನ ಗುಡ್ಡದಲ್ಲಿ ಉತ್ಖನನ ನಡೆಸಿದರು. ಒಬ್ಬರು ಪುರಾತತ್ವದವರು, ಇನ್ನೊಬ್ಬರು ಮಾನವಶಾಸ್ತ್ರದವರು. ದುಂಡನೆಯ ಗುಡಿಸಲುಗಳ ನೆಲ ಸಿಕ್ಕಿತು, ಸಮಾಧಿಗಳು ಸಿಕ್ಕವು. ಆ ಗುಡಿಸಲಿನ ಗೋಡೆ, ಮಾಡು ಹೇಗಿದ್ದಿರಬಹುದೆಂದು ತಿಳಿಯಲು ಅವರು ನೋಡಿದ್ದು ಅದೇ ಊರಿನ ಬೋಯ ಸಮುದಾಯದವರ ಗುಡಿಸಲುಗಳನ್ನು. ಹೂತುಹೋದ ಮನೆಗೆ ಬದುಕಿರುವ ಮನೆ ಅರ್ಥ ಹೇಳಿತು. ಸಂಶೋಧಕರಿಗೆ ಕಂಬ ನೆಡುವ, ತಡಿಕೆ ಹೆಣೆಯುವ ಕೈಗಳೇ ಗುರುವಾದವು ಎನ್ನುವುದು ನನಗೆ ಬಹಳ ಮುಖ್ಯವಾಗಿ ಕಾಣುತ್ತದೆ.

ಬಳ್ಳಾರಿಗೆ 2010ರಿಂದ ತನ್ನದೇ ವಿಶ್ವವಿದ್ಯಾಲಯವಿದೆ. ವಿಷಯ ಯಾವುದೇ ಇರಲಿ, ಜನರನ್ನು ಅರಿಯುವ ಆಸೆಯಿರುವ ವಿದ್ಯಾರ್ಥಿಗಳು ಸೇರಿ ಅಧ್ಯಯನ ಕೂಟ ಕಟ್ಟಿಕೊಳ್ಳಲು ದೊಡ್ಡ ಖರ್ಚೇನೂ ಬೇಡ. ಒಂದು ಭಾನುವಾರ ವಸ್ತುಸಂಗ್ರಹಾಲಯ, ಮತ್ತೊಂದು ಭಾನುವಾರ ಕಪ್ಪಗಲ್ಲು. ಅಲ್ಲಿ ಕಲ್ಲಿನಿಂದ ಬಡಿದರೆ ಗಂಟೆಯಂತೆ ನಾದ ಕೊಡುವ ಬಂಡೆಗಳಿವೆ. ಕಲ್ಲುಗಣಿಗಾರಿಕೆ ಇವುಗಳ ಹತ್ತಿರಕ್ಕೇ ಬಂದದ್ದನ್ನೂ ದಾಖಲಿಸಬೇಕು, ಕಲ್ಲು ಒಡೆದು ಹೊಟ್ಟೆ ಹೊರೆಯುವವರ ಮಾತನ್ನೂ ಬರೆದುಕೊಳ್ಳಬೇಕು.

ಬಳ್ಳಾರಿ ಜಿಲ್ಲೆಯದೇ ಆದ ಕುರುಗೋಡಿನಲ್ಲಿ ಇಂಥ ಕೂಟಕ್ಕೆ ಕೆಲಸ ಇನ್ನೂ ಹೆಚ್ಚು. ಅಲ್ಲಿಯ ದೊಡ್ಡಬಸವೇಶ್ವರ ಗುಡಿಯಲ್ಲಿ ನಂದಿಯೇ ಮೂಲದೇವರು. ರಥೋತ್ಸವದಲ್ಲಿ ತೇರಿನ ಹಗ್ಗ ಹಿಡಿಯುವ ಹಕ್ಕು ಯಾರದು, ಮೊದಲ ಪೂಜೆ ಯಾರದು, ಯಾವ ಕೇರಿಯವರಿಗೆ ಯಾವ ಹಕ್ಕು, ಯಾರು ದೂರ ನಿಂತರು? ಇದನ್ನೆಲ್ಲ ವಿದ್ಯಾರ್ಥಿಗಳು ವಯಸ್ಸಾದವರ ಬಳಿ ಕೂತು, ಒಪ್ಪಿಗೆ ಕೇಳಿ, ಅವರಾಡಿದ ಕನ್ನಡದಲ್ಲೇ ಬರೆದುಕೊಳ್ಳಲಿ. ಬರೆದದ್ದನ್ನು ಪದವಿಗಾಗಿ ಒಪ್ಪಿಸುವ ಮುಂಚೆ ಅದೇ ಊರಿನ ಕಟ್ಟೆಯ ಮೇಲೆ ಓದಿ, ಅವರಿಂದಲೇ ತಿದ್ದಿಸಿಕೊಳ್ಳಲಿ.